ಅಡತ್ ಅಂಗಡಿಯ ಕ್ಯಾಲ್ಕುಲೇಟರಿನಲ್ಲಿ ಆಯ್ಲರ್ ಲೆಕ್ಕ

ಎರಡರ 31ನೇ ಘಾತದಿಂದ ಒಂದನ್ನು ಕಳೆದರೆ 2147483647. ಬಾಯಲ್ಲಿ ಹೇಳಿದರೆ ಇನ್ನೂರ ಹದಿನಾಲ್ಕು ಕೋಟಿಯ ಮೇಲೆ ಚಿಲ್ಲರೆ. ಇದು ಅವಿಭಾಜ್ಯ ಎಂದು ಗಣಿತಜ್ಞ ಆಯ್ಲರ್ 1772ರಲ್ಲಿ ತೋರಿಸಿದ್ದರು. ಆ ಹೊತ್ತಿಗೆ ಅವರ ದೃಷ್ಟಿ ಬಹುತೇಕ ಹೋಗಿತ್ತು. ಕಂಪ್ಯೂಟರ್ ಮುಟ್ಟದೆ ನಾವೂ ಮಾಡಿ ನೋಡೋಣ ಎಂದು ಕಲಬುರಗಿಯ ನಮ್ಮ ಮನೆಗೆ ಪಾಠಕ್ಕೆ ಬರುವ ನಾಲ್ಕು ಮಕ್ಕಳೊಂದಿಗೆ ಬೇಸಿಗೆ ರಜೆಯಲ್ಲಿ ಕುಳಿತೆ.

ನನ್ನ ಎಂಟು ಅಂಕಿಯ ಕ್ಯಾಲ್ಕುಲೇಟರಿನಲ್ಲಿ ಆ ಸಂಖ್ಯೆಯೇ ಹಿಡಿಸಲಿಲ್ಲ. ಗಂಜ್‌ನಲ್ಲಿ ಕಾಕಾನ ಅಡತ್ ಅಂಗಡಿಯಿದೆ. ತೊಗರಿ ಲೆಕ್ಕಕ್ಕೆ ಇಟ್ಟಿದ್ದ ಹನ್ನೆರಡು ಅಂಕಿಯದನ್ನು ಕೇಳಿ ತಂದೆ.

ವರ್ಗಮೂಲ 46340ರ ಆಸುಪಾಸು. ಅಲ್ಲಿಯವರೆಗಿನ ಅವಿಭಾಜ್ಯಗಳೇ ನಾಲ್ಕೂವರೆ ಸಾವಿರಕ್ಕಿಂತ ಹೆಚ್ಚು. ಆ ಸೆಕೆಯಲ್ಲಿ ಯಾರು ಭಾಗಿಸುತ್ತಾರೆ? ಎರಡು ಜರಡಿ ಹಿಡಿದೆವು. ಈ ಸಂಖ್ಯೆಗೆ ಅವಿಭಾಜ್ಯ ಅಪವರ್ತನ ಇದ್ದರೆ, ಅದರಲ್ಲಿ ಒಂದನ್ನು ಕಳೆದದ್ದು 62ರಿಂದ ಭಾಗವಾಗಲೇಬೇಕು. ಇದು ಫರ್ಮಾನ ಕಿರಿಯ ಪ್ರಮೇಯದ ಕೊಡುಗೆ. ಇನ್ನೊಂದು ನನಗೆ ಹೆಚ್ಚು ಇಷ್ಟ. ಎರಡರ 31ನೇ ಘಾತವನ್ನು ಆ ಅಪವರ್ತನದಿಂದ ಭಾಗಿಸಿದರೆ ಶೇಷ 1, ಹಾಗಾಗಿ 32ನೇ ಘಾತಕ್ಕೆ ಶೇಷ 2. 32ನೇ ಘಾತವೋ ಪೂರ್ಣ ವರ್ಗ! ವರ್ಗಸಂಖ್ಯೆಯೊಂದು ಶೇಷ 2 ಕೊಡಬೇಕಾದರೆ, ಭಾಜಕವಾದ ಬೆಸ ಅವಿಭಾಜ್ಯವನ್ನು ಎಂಟರಿಂದ ಭಾಗಿಸಿದಾಗ 1 ಅಥವಾ 7 ಉಳಿಯಬೇಕು.

ನಾನು ಹಲಗೆಯ ಮೇಲೆ 1 ಮಾತ್ರ ಬರೆದೆ, 7 ಮರೆತೆ. 62 ಮತ್ತು 8ರ ಲಸಾಅ 248, ಅದರ ಮಗ್ಗಿಗೆ ಒಂದೊಂದು ಕೂಡಿಸಿ ವರ್ಗಮೂಲದವರೆಗೆ 186 ಸಂಖ್ಯೆಗಳು ಬಂದವು. ಎರಡು ದಿನ ಭಾಗಿಸಿ, ಅವಿಭಾಜ್ಯವೆಂದು ಘೋಷಿಸಿ, ಕಲ್ಲಂಗಡಿಯನ್ನೂ ಕೊಯ್ದೆವು.

ಮರುದಿನ ಒಬ್ಬ ಹುಡುಗಿ ನಮ್ಮ ವಿಧಾನವನ್ನೇ ಎರಡರ 11ನೇ ಘಾತದಿಂದ ಒಂದನ್ನು ಕಳೆದ ಸಂಖ್ಯೆಯ ಮೇಲೆ ಪ್ರಯೋಗಿಸಿ ತಂದಿದ್ದಳು. "ಸರ್, ನಮ್ಮ ಲೆಕ್ಕದಂತೆ 2047 ಅವಿಭಾಜ್ಯ. ಆದರೆ ಅದು 23 ಗುಣಿಸು 89." ನೋಡಿದೆ. ವರ್ಗಮೂಲ 45 ಚಿಲ್ಲರೆ. ನನ್ನ ಅರೆಜರಡಿಯ ಮೊದಲ ಸಂಖ್ಯೆಯೇ 89. ಎಂಟರಿಂದ ಭಾಗಿಸಿದಾಗ 7 ಉಳಿಸುವ 23 ಕಣ್ಣೆದುರೇ ನುಸುಳಿಹೋಗಿತ್ತು. ಇಪ್ಪತ್ತು ವರ್ಷ ಗಣಿತ ಕಲಿಸಿದವನಿಗೆ ಮುಖ ಬಿಸಿಯಾಯಿತು.

63ನ್ನು 62ರಿಂದ ಭಾಗಿಸಿದರೆ 1, ಎಂಟರಿಂದ ಭಾಗಿಸಿದರೆ 7 ಉಳಿಯುತ್ತದೆ; ಹಾಗಾಗಿ 248ರ ಮಗ್ಗಿಗೆ 63 ಕೂಡಿಸಿದ ಸಾಲನ್ನೂ ಬರೆದೆವು. 3, 5, 7ರಿಂದ ಭಾಗವಾಗುವವುಗಳಿಗೆ ಗೀಟು ಹಾಕಿದೆವು. ಹೊಸ ಸಾಲಿನಲ್ಲಿ ಮೊದಲು ಸಿಕ್ಕಿದ್ದು 311: ಭಾಗಲಬ್ಧ 6905092.11254. ದಶಮಾಂಶ ಕಂಡರೆ ಸಾಕು, ಮುಂದಿನದು. ಒಬ್ಬ ಒತ್ತುವುದು, ಇನ್ನೊಬ್ಬಳು ಓದುವುದು, ಅದಲುಬದಲು. ಭಾಜಕ ಐದೇ ಅಂಕಿಯದ್ದಾದ್ದರಿಂದ ಶೇಷ ಒಂದೇ ಇದ್ದರೂ ದಶಮಾಂಶ ಪರದೆಯಲ್ಲಿ ಕಾಣದೆ ಇರುವುದಿಲ್ಲ. ಈ ಭರವಸೆ ಇಲ್ಲದಿದ್ದರೆ ಕ್ಯಾಲ್ಕುಲೇಟರನ್ನು ನಂಬುತ್ತಿರಲಿಲ್ಲ.

ಮೂರನೆಯ ಸಂಜೆ ಎರಡೂ ಸಾಲು ಮುಗಿದವು, ಎಲ್ಲೂ ಪೂರ್ಣಾಂಕ ಬರಲಿಲ್ಲ. ಈ ಬಾರಿ ಯಾರೂ ಕಲ್ಲಂಗಡಿ ಕೇಳಲಿಲ್ಲ. ಹುಡುಗಿ ಹಳೆಯ ಸಾಲಿನ ಕೊನೆಯ ಸಂಖ್ಯೆ 46129ರ ಮೇಲೆ ಪೆನ್ಸಿಲ್ ಇಟ್ಟು, "ಇದು 163 ಗುಣಿಸು 283 ಸರ್, ಭಾಗಿಸುವ ಅಗತ್ಯವೇ ಇರಲಿಲ್ಲ" ಎಂದಳು.