ಮಾಸ್ಟರ್ಸ್ ಈಜು ಸ್ಪರ್ಧೆಯಲ್ಲಿ ಕಾಸ್ಟ್ಯೂಮ್ ತಕರಾರು: ನಾವು ಬಗೆಹರಿಸಿಕೊಂಡ ರೀತಿ

ಶಿವಮೊಗ್ಗದಲ್ಲಿ ನಮ್ಮ ಈಜು ಗೆಳೆಯರ ಬಳಗ ದೊಡ್ಡವರಿಗೆಂದೇ, ಅಂದರೆ ಮಾಸ್ಟರ್ಸ್ ವರ್ಗಕ್ಕೆ, ಒಂದು ಸಣ್ಣ ಸ್ಪರ್ಧೆ ನಡೆಸುತ್ತದೆ. ಬ್ಯಾಂಕಿನವರು, ಮೇಷ್ಟ್ರುಗಳು, ಅಡಿಕೆ ತೋಟದವರು, ರಿಟೈರ್ ಆದವರು, ಕಾಲೇಜು ದಿನಗಳಲ್ಲಿ ಮೆಡಲ್ ಗೆದ್ದು ಈಗ ಹೊಟ್ಟೆ ಬಂದವರು, ಎಲ್ಲರೂ ಸೇರುತ್ತಾರೆ. ನೀರಿಗಿಳಿಯುವ ಮುಂಚೆ ಸ್ಪರ್ಧಿಗಳನ್ನು ಸಾಲಾಗಿ ಕೂರಿಸಿ ಹೆಸರು, ಲೇನ್, ಕಾಸ್ಟ್ಯೂಮ್ ನೋಡುವ ಟೇಬಲ್ ನನ್ನದು. ಜಗಳ ಹುಟ್ಟುವುದೂ ಬಹುಪಾಲು ಅಲ್ಲೇ.

ನಿಯಮ ಓದಲು ಕಷ್ಟವೇನಿಲ್ಲ. ಕೊಳದ ಸ್ಪರ್ಧೆಯಲ್ಲಿ ಗಂಡಸರ ಕಾಸ್ಟ್ಯೂಮ್ ಹೊಕ್ಕುಳಿಗಿಂತ ಮೇಲೆ ಬರಬಾರದು, ಮಂಡಿಗಿಂತ ಕೆಳಗೆ ಇಳಿಯಬಾರದು. ಹೆಂಗಸರದು ಕುತ್ತಿಗೆ ಮುಚ್ಚಬಾರದು, ಭುಜ ದಾಟಬಾರದು, ಅದೂ ಮಂಡಿಯಲ್ಲೇ ನಿಲ್ಲಬೇಕು. ನೇಯ್ದ ಬಟ್ಟೆಯೇ ಆಗಿರಬೇಕು. ಜಿಪ್ ಇರಬಾರದು. ಒಂದರ ಮೇಲೊಂದು ಎರಡು ಹಾಕುವಂತಿಲ್ಲ. ಇದೆಲ್ಲ 2010ರ ಜನವರಿಯಿಂದ ಜಾರಿಗೆ ಬಂತು. ಆಗ ಫಿನಾ ಅಂತಿದ್ದ ಅಂತರರಾಷ್ಟ್ರೀಯ ಈಜು ಸಂಸ್ಥೆ ಈಗ ವರ್ಲ್ಡ್ ಅಕ್ವಾಟಿಕ್ಸ್ ಆಗಿದೆ.

ನಿಯಮ ಯಾಕೆ ಬಂತು ಅನ್ನುವುದು ಗೊತ್ತಿದ್ದರೆ ಅರ್ಧ ತಕರಾರು ತಾನಾಗಿ ಇಳಿಯುತ್ತದೆ. 2008ರಲ್ಲಿ ಸ್ಪೀಡೊ ಕಂಪನಿ ಎಲ್‌ಜೆಡ್‌ಆರ್ ರೇಸರ್ ಅನ್ನುವ ಸೂಟ್ ತಂದಿತು. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅದನ್ನು ತೊಟ್ಟವರು ದಾಖಲೆ ಮೇಲೆ ದಾಖಲೆ ಮುರಿದರು. ಆಮೇಲೆ ಇಡೀ ಮೈ ಮುಚ್ಚುವ, ಪಾಲಿಯುರೆಥೇನ್ ಅನ್ನುವ ರಬ್ಬರಿನಂಥ ಪ್ಲಾಸ್ಟಿಕ್‌ನ ಸೂಟ್‌ಗಳು ಬಂದವು. ಮೈಯನ್ನು ಬಿಗಿದು ಹಿಡಿಯುವುದು, ನೀರು ಹೀರದಿರುವುದು, ದೇಹವನ್ನು ಸ್ವಲ್ಪ ಮೇಲಕ್ಕೆ ತೇಲಿಸುವುದು, ಮೂರೂ ಒಟ್ಟಿಗೆ ಸಿಗುತ್ತಿತ್ತು. 2009ರಲ್ಲಿ ರೋಮ್‌ನ ವಿಶ್ವ ಚಾಂಪಿಯನ್‌ಷಿಪ್ ಒಂದರಲ್ಲೇ 43 ವಿಶ್ವದಾಖಲೆ! ಅಲ್ಲೇ 200 ಮೀಟರ್ ಫ್ರೀಸ್ಟೈಲ್‌ನಲ್ಲಿ ಜರ್ಮನಿಯ ಪಾಲ್ ಬೀಡರ್‌ಮನ್ ಮೈಕೆಲ್ ಫೆಲ್ಪ್ಸ್‌ರನ್ನು ಹಿಂದೆ ಹಾಕಿದರು. ಗೆದ್ದದ್ದು ಈಜುಗಾರನೋ ಸೂಟೋ ಅಂತ ಜಗತ್ತೆಲ್ಲ ಕೇಳಿತು. ಉತ್ತರವಾಗಿ ಬಂದದ್ದು ಈ ನಿಯಮ.

ಈಗ ನಮ್ಮೂರಿನ ವಿಷಯಕ್ಕೆ ಬರುತ್ತೇನೆ. ತೀರ್ಥಹಳ್ಳಿ ಕಡೆಯ ಹೈಸ್ಕೂಲ್ ಟೀಚರ್ ಒಬ್ಬರು ಕಪ್ಪೆಯಂತೆ ಕೈಕಾಲು ಆಡಿಸಿ ಈಜುವ 50 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ಗೆ ಹೆಸರು ಕೊಟ್ಟಿದ್ದರು. ತುಂಗೆಯಲ್ಲಿ ಕಲಿತ ಈಜು, ತಲೆ ಎತ್ತಿಯೇ ಹೋಗುತ್ತಾರೆ. ಮಣಿಕಟ್ಟಿನಿಂದ ಹಿಮ್ಮಡಿವರೆಗೆ ಮುಚ್ಚಿದ ಕಾಸ್ಟ್ಯೂಮ್. ಎರಡನೇ ಸ್ಥಾನ ಬಂತು. ಮೂರನೆಯವರು ಸುಮ್ಮನಿದ್ದರು, ಅವರ ಯಜಮಾನರು ಮೊಬೈಲ್ ಹಿಡಿದು ಟೇಬಲ್ ಹತ್ತಿರ ಬಂದರು.

"ಸಾರ್, ಫುಲ್ ಬಾಡಿ ಸೂಟ್ 2010ರಲ್ಲೇ ಬ್ಯಾನ್ ಆಗಿದೆ ಅಲ್ವಾ? ಇಲ್ಲಿ ನೋಡಿ."

ಅಕ್ಷರ ಹಿಡಿದು ನೋಡಿದರೆ ಅವರು ಹೇಳಿದ್ದು ಸರಿ. ಆದರೆ ನಿಷೇಧ ಬಂದದ್ದು ವೇಗ ಕೊಡುವ ಸೂಟ್‌ಗೆ. ಟೀಚರ್ ತೊಟ್ಟಿದ್ದು ಅಂಗಡಿಯಲ್ಲಿ ಸಿಗುವ ಮಾಮೂಲಿ ಪಾಲಿಯೆಸ್ಟರ್ ಲೈಕ್ರಾ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕೈ ಮುಂದೆ ಚಾಚಿದಾಗ ತೋಳಿನ ಬಟ್ಟೆ ಸುಕ್ಕಾಗಿ ನೀರು ತುಂಬಿಕೊಳ್ಳುತ್ತದೆ, ಹಿಂದಕ್ಕೆ ಎಳೆಯುತ್ತದೆ. ಅದನ್ನು ತೊಟ್ಟು ಎರಡನೇ ಸ್ಥಾನ ಬಂದವರು ಏನನ್ನಾದರೂ ಕದ್ದಿದ್ದರೆ ಅದು ಅವರದೇ ಸೆಕೆಂಡುಗಳನ್ನು.

ಕರೆಪತ್ರದಲ್ಲೇ ನಾವು ಬರೆದಿದ್ದೆವು: ಮೈ ಮುಚ್ಚುವ ಬಟ್ಟೆ ಬೇಕಾದವರು ತೊಡಬಹುದು, ಕಾರಣ ಕೇಳುವುದಿಲ್ಲ. ಸ್ಥಾನವೂ ಪದಕವೂ ಅವರದೇ. ಫಲಿತಾಂಶದ ಹಾಳೆಯಲ್ಲಿ ಹೆಸರಿನ ಪಕ್ಕ ಒಂದು ಗುರುತು ಇರುತ್ತದೆ, ಆ ಟೈಮ್ ಬೇರೆ ಕಡೆ ದಾಖಲೆಗೆ ಹೋಗುವುದಿಲ್ಲ ಅಂತ. ಅದನ್ನು ತೋರಿಸಿದ ಮೇಲೆ ಯಜಮಾನರು ಹಾಳೆ ವಾಪಸ್ ಕೊಟ್ಟು ಕಾಫಿ ಕುಡಿಯಲು ಹೋದರು. ಮುಂಚೆ ಬರೆದಿರದಿದ್ದರೆ ಇಷ್ಟು ಸಲೀಸಾಗಿ ಮುಗಿಯುತ್ತಿರಲಿಲ್ಲ. ಅಮೆರಿಕದ ಮಾಸ್ಟರ್ಸ್ ಈಜಿನಲ್ಲೂ ಧರ್ಮದ ಅಥವಾ ಆರೋಗ್ಯದ ಕಾರಣಕ್ಕೆ ವಿನಾಯಿತಿ ಕೇಳುವ ದಾರಿ ಇದೆ. ನಾವು ಕಾರಣ ಕೇಳುವುದನ್ನೂ ಬಿಟ್ಟೆವು. ನಾಚಿಕೆಗೋ, ಮನೆಯವರ ಮಾತಿಗೋ, ಚರ್ಮದ ಅಲರ್ಜಿಗೋ, ನಮಗೇಕೆ? ರಾಷ್ಟ್ರಮಟ್ಟಕ್ಕೆ ಹೋಗುವ ಆಸೆ ಇದ್ದವರಿಗೆ ಮಾತ್ರ ಅಲ್ಲಿನ ನಿಯಮ ಬೇರೆ ಅಂತ ಮೊದಲೇ ಹೇಳಿಬಿಡುತ್ತೇನೆ.

ಎರಡು ಷರತ್ತು ಇಟ್ಟಿದ್ದೇವೆ. ಹತ್ತಿ ಬಟ್ಟೆ ಬೇಡ. ನೀರು ಕುಡಿದು ಭಾರವಾಗುತ್ತದೆ, ಎಳೆ ಬಿಟ್ಟು ಫಿಲ್ಟರ್ ಕಟ್ಟಿಸುತ್ತದೆ. ಸಡಿಲ ಪೈಜಾಮವೂ ಬೇಡ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಪಾದ ನಿಯಮದಂತೆ ಹೊರಕ್ಕೆ ತಿರುಗಿತೋ ಇಲ್ಲವೋ ಅಂತ ನೋಡುವ ತೀರ್ಪುಗಾರನಿಗೆ ಬಟ್ಟೆಯ ಅಲೆ ಬಿಟ್ಟು ಬೇರೇನೂ ಕಾಣುವುದಿಲ್ಲ.

ತೇಲಿಸುವ ಬಟ್ಟೆಗೆ ಮಾತ್ರ ರಿಯಾಯಿತಿ ಇಲ್ಲ. ಒಮ್ಮೆ ಹೊರಗಿನಿಂದ ಬಂದ ಯುವಕರೊಬ್ಬರು ಈಜು, ಸೈಕಲ್, ಓಟ ಮೂರೂ ಇರುವ ಟ್ರಯಥ್ಲಾನ್‌ಗೆ ಅಭ್ಯಾಸ ಮಾಡುವ ನಿಯೋಪ್ರೀನ್ ಅನ್ನುವ ರಬ್ಬರಿನ ಚಡ್ಡಿ ತೊಟ್ಟು ಬಂದರು. "ಇದೂ ಚಡ್ಡೀನೇ ಸಾರ್, ಮಂಡಿ ದಾಟಿಲ್ಲ," ಅಂದರು. ಉದ್ದದ ಲೆಕ್ಕದಲ್ಲಿ ಸರಿಯೇ. ನಾನು ಬಕೆಟ್‌ನಲ್ಲಿ ನೀರು ತರಿಸಿದೆ. ಚಡ್ಡಿ ಬಿಚ್ಚಿ ಕೊಟ್ಟರು. ಮುಳುಗಿಸಿ, ಹಿಂಡಿ, ಒಳಗಿನ ಗಾಳಿಯೆಲ್ಲ ಬಿಟ್ಟು, ತಳಕ್ಕೆ ಒತ್ತಿ ಕೈ ತೆಗೆದೆ. ಪುಟಕ್ಕಂತ ಮೇಲೆ ಬಂತು. ನಿಯೋಪ್ರೀನ್ ಒಳಗೆ ಸಣ್ಣ ಸಣ್ಣ ಗುಳ್ಳೆಗಳಿರುತ್ತವೆ, ಹಿಂಡಿದರೂ ಹೋಗುವುದಿಲ್ಲ. ಪಕ್ಕದಲ್ಲೇ ಸಾಮಾನ್ಯ ನೈಲಾನ್ ಚಡ್ಡಿ ಹಾಕಿದೆ, ನಿಧಾನಕ್ಕೆ ಮುಳುಗಿತು. ಅವರೇ ನಕ್ಕು ಗೆಳೆಯನ ಹತ್ತಿರ ಬೇರೆ ಚಡ್ಡಿ ಇಸಿದುಕೊಂಡರು.

ಇನ್ನೊಂದು ಪರೀಕ್ಷೆ ಊದುವುದು. ಬಟ್ಟೆಗೆ ಬಾಯಿಟ್ಟು ಊದಿದರೆ ನೇಯ್ದ ಬಟ್ಟೆಯಲ್ಲಿ ಗಾಳಿ ಆಚೆ ಬರುತ್ತದೆ, ಪಾಲಿಯುರೆಥೇನ್ ಹಾಳೆಯಲ್ಲಿ ಬರುವುದಿಲ್ಲ. ತೊಟ್ಟವರೇ ಊದಬೇಕು, ಅದು ನನ್ನ ಕೆಲಸ ಅಲ್ಲ! ಒಣಗಿರುವಾಗಲೇ ನೋಡಬೇಕು, ಒದ್ದೆ ಬಟ್ಟೆ ಗಾಳಿ ಬಿಡುವುದಿಲ್ಲ. ದುಬಾರಿ ರೇಸಿಂಗ್ ಸೂಟ್‌ಗಳ ನೇಯ್ಗೆ ತೀರಾ ಒತ್ತು, ಅಲ್ಲಿ ಈ ಉಪಾಯ ನಡೆಯದು. ಅವುಗಳ ಮೇಲೆ ಅನುಮೋದನೆಯ ಚೀಟಿ ಇರುತ್ತದೆ, ಅದನ್ನೇ ನೋಡುತ್ತೇನೆ.

ಅಂಥ ಸೂಟ್ ನಮ್ಮಲ್ಲಿ ಬೇಡವೇ ಬೇಡ ಅಂತ ಹಲವರು ವಾದಿಸಿದರು. ಬೆಲೆ ಹತ್ತಾರು ಸಾವಿರ, ಏರಿಸಿಕೊಳ್ಳಲೇ ಕಾಲು ಗಂಟೆ. ನನಗೂ ಅದು ಅತಿ ಅನ್ನಿಸುತ್ತದೆ. ಆದರೆ ಜೇಬು ನೋಡಿ ನಿಯಮ ಬರೆಯಲು ಹೊರಟರೆ ಗಾಗಲ್ಸ್‌ವರೆಗೂ ಹೋಗಬೇಕಾಗುತ್ತದೆ. ಬಿಟ್ಟೆವು.

ನಿಜವಾದ ಅನ್ಯಾಯ ಬೇರೆ ಕಡೆ ಇರುತ್ತದೆ. ವಯಸ್ಸಿನ ಗುಂಪು ಐದೈದು ವರ್ಷಕ್ಕೆ ಒಂದು, 25ರಿಂದ ಶುರು. ಜನ ಕಡಿಮೆ ಅಂತ ಎರಡು ಗುಂಪು ಸೇರಿಸಿದರೆ, 50ರವರ ಜೊತೆ ಈಜಬೇಕಾದ 59ರವರಿಗೆ ಆಗುವ ನಷ್ಟವನ್ನು ಯಾವ ಸೂಟೂ ತುಂಬಿಕೊಡದು. ಹೊಳೆಯಲ್ಲಿ ಕಲಿತವರಿಗೆ ಕೊಳದಂಚಿನ ಎತ್ತರದ ಬ್ಲಾಕ್ ಮೇಲಿಂದ ಹಾರಲು ಭಯ. ಮಾಸ್ಟರ್ಸ್ ನಿಯಮದಲ್ಲಿ ನೀರಿನೊಳಗಿಂದಲೇ ಗೋಡೆ ಒದ್ದು ಶುರು ಮಾಡಬಹುದು, ಎರಡೂ ಕೈ ಒಟ್ಟಿಗೆ ಬೀಸುವ ಬಟರ್‌ಫ್ಲೈನಲ್ಲಿ ಬ್ರೆಸ್ಟ್‌ಸ್ಟ್ರೋಕ್ ಕಾಲೂ ಹಾಕಬಹುದು. ಇದು ಎಷ್ಟೋ ಜನರಿಗೆ ಗೊತ್ತಿಲ್ಲ.

ಟೈಮ್ ಹಿಡಿಯುವುದಂತೂ ದೊಡ್ಡ ತಲೆನೋವು. ಒಂದು ಲೇನ್‌ಗೆ ಮೂರು ಸ್ಟಾಪ್‌ವಾಚ್ ಇರಬೇಕು. ಎರಡು ಒಂದೇ ತೋರಿಸಿದರೆ ಅದೇ ಟೈಮ್, ಮೂರೂ ಬೇರೆಯಾದರೆ ನಡುವಿನದು. ಮಾತಾಡುತ್ತಾ ಗುಂಡಿ ಒತ್ತುವ ಸ್ವಯಂಸೇವಕ ಒಬ್ಬನಿದ್ದರೆ ಸೂಟ್ ಕೊಡುವ ಲಾಭಕ್ಕಿಂತ ಜಾಸ್ತಿ ಅವನೇ ಕೊಡುತ್ತಾನೆ. ಅದಕ್ಕೇ ಈಗ ಕಾಸ್ಟ್ಯೂಮ್ ನೋಟಿಸ್ ಅರ್ಧ ಪುಟಕ್ಕೆ ಇಳಿಸಿದ್ದೇವೆ. ಸ್ಪರ್ಧೆಯ ಹಿಂದಿನ ಸಂಜೆ ಟೈಮ್‌ಕೀಪರ್‌ಗಳನ್ನು ಕೊಳದ ಹತ್ತಿರ ಕರೆಸಿ, ಮಕ್ಕಳನ್ನು ಈಜಿಸಿ, ವಾಚ್ ಒತ್ತಿಸಿ ಅಭ್ಯಾಸ ಮಾಡಿಸುತ್ತೇವೆ.