ಚಾವಣಿ ನೀರು ಕೈತೋಟಕ್ಕೆ: ಡ್ರಮ್ಮು ಕೂರಿಸುವ ಬಗೆ

ಒಂದು ಚದರ ಮೀಟರ್ ಚಾವಣಿಗೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಸಿಡಿದು, ಆವಿಯಾಗಿ ಹೋಗುವುದನ್ನು ಕಳೆಯಲು 0.8ರಿಂದ ಗುಣಿಸಿ. 20 ಚದರ ಮೀಟರ್ ಶೀಟಿನ ಮೇಲೆ 20 ಮಿ.ಮೀ. ಸುರಿದರೆ 320 ಲೀಟರ್ ಆಯಿತು. ಬೆಂಗಳೂರಿನ ಒಂದು ಜೋರು ಸಂಜೆಮಳೆ ಸಾಕು, 200 ಲೀಟರಿನ ನೀಲಿ ಡ್ರಮ್ಮು ತುಂಬಿ ಹೊರಚೆಲ್ಲುತ್ತದೆ. ಆದ್ದರಿಂದ ಮೊದಲು ಯೋಚಿಸಬೇಕಾದದ್ದು ಎರಡು: ಆರಂಭದ ಕೊಳೆನೀರು ಎಲ್ಲಿ ನಿಲ್ಲಬೇಕು, ಹೆಚ್ಚಾದ ನೀರು ಎಲ್ಲಿಗೆ ಹೋಗಬೇಕು.

ಮಳೆಯ ಮೊದಲ ನೀರು ಧೂಳು, ಹಕ್ಕಿ ಹಿಕ್ಕೆ, ಎಲೆಗಳನ್ನೆಲ್ಲ ತೊಳೆದು ತರುತ್ತದೆ. ಚದರ ಮೀಟರಿಗೆ ಮೊದಲ ಅರ್ಧ ಲೀಟರನ್ನಾದರೂ ಡ್ರಮ್ಮಿಗೆ ಬೀಳದಂತೆ ತಡೆಯಬೇಕು. ಚಾವಣಿಯಿಂದ ಇಳಿಯುವ ಪೈಪಿಗೆ ಡ್ರಮ್ಮಿನ ಬಾಯಿಗಿಂತ ಮೇಲೆ ಒಂದು ಟೀ (ಮೂರು ಬಾಯಿಯ, T ಆಕಾರದ ಪೈಪ್ ಜೋಡಣೆ) ಕೂರಿಸಿ. ಅದರ ಅಡ್ಡಬಾಯಿ ಡ್ರಮ್ಮಿಗೆ. ಕೆಳಬಾಯಿಗೆ ಒಂದೂವರೆ ಮೀಟರ್ ಉದ್ದದ 4 ಇಂಚು ಪಿವಿಸಿ ಪೈಪ್ ಇಳಿಸಿ, ತುದಿಗೆ ತಿರುಪಿನ ಮುಚ್ಚಳ ಹಾಕಿ. ಈ ಪೈಪು ಮೀಟರಿಗೆ ಸುಮಾರು 8 ಲೀಟರ್ ಹಿಡಿಯುವುದರಿಂದ 20 ಚದರ ಮೀಟರಿನ ಕೊಳೆಗೆ ಸಾಕು; ಅದು ತುಂಬಿದ ಮೇಲಷ್ಟೇ ನೀರು ಡ್ರಮ್ಮಿನ ಕಡೆ ತಿರುಗುತ್ತದೆ. ಮುಚ್ಚಳಕ್ಕೆ 3 ಮಿ.ಮೀ. ತೂತು ಕೊರೆಯಲೇಬೇಕು. ತೂತಿಲ್ಲದಿದ್ದರೆ ಪೈಪು ತುಂಬಿಕೊಂಡೇ ಇದ್ದು, ಮುಂದಿನ ಮಳೆಯ ಕೊಳೆ ನೇರ ಡ್ರಮ್ಮಿಗೇ ಹೋಗುತ್ತದೆ. ಕೆಸರು ಕಟ್ಟಿ ತೂತು ಮುಚ್ಚುವುದುಂಟು, ಆಗಾಗ ಬಿಚ್ಚಿ ತೊಳೆಯಿರಿ.

ಡ್ರಮ್ಮು ಪೂರ್ತಿ ತೆರೆಯುವ ಮುಚ್ಚಳದ್ದಾಗಿರಲಿ. ನಲ್ಲಿಯ ಟ್ಯಾಂಕ್ ನಿಪ್ಪಲ್ (ಡ್ರಮ್ಮಿನ ಗೋಡೆಯ ತೂತಿಗೆ ಕೂರಿಸುವ ತಿರುಪಿನ ಕೊಳವೆ) ಬಿಗಿಯಲು ಒಳಗೆ ಕೈ ಹೋಗಬೇಕು. ರಾಸಾಯನಿಕ ತುಂಬಿದ್ದ ಹಳೆ ಡ್ರಮ್ಮು ಬೇಡವೇ ಬೇಡ. ತಳದಿಂದ 3 ಇಂಚು ಮೇಲೆ ಮುಕ್ಕಾಲು ಇಂಚಿನ ನಿಪ್ಪಲ್, ಒಳಗೂ ಹೊರಗೂ ರಬ್ಬರ್ ವಾಷರ್. ಅದಕ್ಕಿಂತ ಕೆಳಗಿಟ್ಟರೆ ತಳದ ಕೆಸರು ನಲ್ಲಿಗೆ ಬರುತ್ತದೆ. ತುಂಬಿದ ಡ್ರಮ್ಮಿನ ತೂಕ 200 ಕಿಲೋ ದಾಟುವುದರಿಂದ ನೆಲವನ್ನು ದಮ್ಮಸ್ಸು ಮಾಡಿ, ಚಪ್ಪಡಿ ಹಾಸಿ, ಮೇಲೆ ಒಂದೂವರೆ ಅಡಿ ಎತ್ತರಕ್ಕೆ ಸಾಲಿಡ್ ಬ್ಲಾಕ್ ಕಟ್ಟಿ. ಬಕೆಟ್ ಸಲೀಸಾಗಿ ಕೆಳಗೆ ಕೂರುತ್ತದೆ. ಈ ಎತ್ತರದ ಒತ್ತಡಕ್ಕೆ ಹನಿ ನೀರಾವರಿಯ ಡ್ರಿಪ್ಪರುಗಳು ಸರಿಯಾಗಿ ಕೆಲಸ ಮಾಡವು. ಬಕೆಟ್ಟೋ ಬಾಯಿ ತೆರೆದ ಪೈಪೋ ಸಾಕು.

ಹೆಚ್ಚಾದ ನೀರು ಹೊರಹೋಗುವ ಪೈಪು ಒಳಬರುವ ಪೈಪಿನಷ್ಟೇ ದಪ್ಪವಿರಬೇಕು. ಇಲ್ಲಿ ಮುಕ್ಕಾಲು ಇಂಚಿನದು ಹಾಕಿದರೆ ನೀರು ಮುಚ್ಚಳದ ಅಂಚಿನಿಂದ ಉಕ್ಕಿ ಗೋಡೆಬುಡ ನೆನೆಯುತ್ತದೆ. ಪಾಯದಿಂದ ದೂರ, ಇಂಗುಗುಂಡಿಗೋ ಬಾಳೆಬುಡಕ್ಕೋ ಒಯ್ಯಿರಿ.

ನೀಲಿ ಡ್ರಮ್ಮಿನೊಳಗೆ ಬೆಳಕು ನುಸುಳಿ ಪಾಚಿ ಕಟ್ಟುತ್ತದೆ, ಹೊರಗೆ ಕಪ್ಪು ಬಣ್ಣ ಬಳಿಯಿರಿ. ಹೊರಪೈಪಿನ ಬಾಯಿಯನ್ನೂ ಬಿಡದೆ ಎಲ್ಲ ಕಂಡಿಗೂ ಸೊಳ್ಳೆ ಜಾಲರಿ ಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಎಂಟು-ಹತ್ತು ದಿನ ಸಾಕು, ಹಾಗಾಗಿ ವಾರಕ್ಕೊಮ್ಮೆ ಇಣುಕಿ ನೋಡಿ. ಲಾರ್ವಾ ಕಂಡರೆ ನೀರನ್ನೆಲ್ಲ ಗಿಡಗಳಿಗೆ ಸುರಿದು ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಿ. ಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ.