ಮೈಲೇಜ್ ಇಳಿದಿದ್ದರೆ ಆಕ್ಸಿಜನ್ ಸೆನ್ಸರ್ ಬದಲಿಸುವ ಮುಂಚೆ ಫ್ಯುಯೆಲ್ ಟ್ರಿಮ್ ನೋಡಿ
ಪೆಟ್ರೋಲ್ ಕಾರಿಗೆ ಒಬಿಡಿ ಸ್ಕ್ಯಾನರ್ (ಎಂಜಿನ್ ಕಂಪ್ಯೂಟರ್‌ನ ಅಂಕಿ ಓದುವ ಸಾಧನ) ಹಾಕಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಶಾರ್ಟ್ ಟರ್ಮ್ (ಆ ಕ್ಷಣದ), ಲಾಂಗ್ ಟರ್ಮ್ (ದೀರ್ಘಾವಧಿಯ) ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಅಂಕಿ, ಎರಡನ್ನೂ ಕೂಡಿಸಿ ನೋಡಿ: ಒಮ್ಮೆ ಐಡಲ್‌ನಲ್ಲಿ, ಒಮ್ಮೆ 2500 ಆರ್‌ಪಿಎಂನಲ್ಲಿ. ಐಡಲ್‌ನಲ್ಲಿ +10% ದಾಟಿದ್ದು, ರೇಸ್ ಕೊಟ್ಟಾಗ ಸೊನ್ನೆಯ ಹತ್ತಿರ ಇಳಿದರೆ ಬಹುತೇಕ ಇನ್‌ಟೇಕ್‌ನಲ್ಲಿ ಗಾಳಿ ಸೋರಿಕೆ. ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪ್ ಹುಡುಕಿ. ರೇಸ್ ಜೊತೆಗೇ ಏರಿದರೆ ಫ್ಯುಯೆಲ್ ಪಂಪ್, ಫಿಲ್ಟರ್ ಕಡೆ ನೋಡಿ. ಸೆನ್ಸರ್ ಅಳೆಯೋದು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನಷ್ಟೇ. ಅದು ಹೆಚ್ಚಿದ್ದರೆ ಪೆಟ್ರೋಲ್ ಸಾಲದೆಂದುಕೊಂಡು ಇಸಿಯು (ಎಂಜಿನ್ ಕಂಪ್ಯೂಟರ್) ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರನ್ನು ಹೆಚ್ಚು ಹೊತ್ತು ತೆರೆದಿಡುತ್ತೆ. ಹಾಗಾಗಿ ಸೆನ್ಸರ್‌ಗಿಂತ ಮುಂಚೆ ಎಕ್ಸಾಸ್ಟ್ ಗ್ಯಾಸ್ಕೆಟ್ ಸೋರುತ್ತಿದ್ದರೆ ಈ ಲೆಕ್ಕವೆಲ್ಲ ತಲೆಕೆಳಗು: ಹೊರಗಿನ ಗಾಳಿ ನುಗ್ಗಿ, ಸರಿಯಿರುವ ಎಂಜಿನ್‌ಗೂ ಸುಮ್ಮನೆ ಪೆಟ್ರೋಲ್ ಸುರಿಯುತ್ತೆ. ಎಂಜಿನ್ ತಣ್ಣಗಿದ್ದಾಗ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸಿಗುವ ಅಂಕಿಯನ್ನೂ ನಂಬಬೇಡಿ.